ಶಂಕರ್ ನಾಗ್ ನಿರ್ದೇಶಿಸಿದ್ದನ್ನು ಮೊದಲು ಉಳಿಸಿ: ವಾರ್ತಾ ಇಲಾಖೆಗೂ ಚಲನಚಿತ್ರ ಅಕಾಡೆಮಿಗೂ ಒಂದು ಬಹಿರಂಗ ಪತ್ರ

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಆಯುಕ್ತರಿಗೆ, ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲೂಕಿನ ಒಂದು ಪ್ರೌಢಶಾಲೆಯ ಮೇಷ್ಟ್ರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ತಿಂಗಳಿಗೊಮ್ಮೆ, ಎಂಟು ಒಂಬತ್ತನೇ ತರಗತಿಯ ಮಕ್ಕಳಿಗೆ ಸಿನಿಮಾ ತೋರಿಸುತ್ತೇನೆ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡುತ್ತೇವೆ, ಗೋಡೆಗೆ ಬಿಳಿ ಪಂಚೆ ಬಿಗಿಯುತ್ತೇವೆ. ಕಳೆದ ವರ್ಷ ಮೊದಲು ತೋರಿಸಿದ್ದು ಶಂಕರ್ ನಾಗ್ ನಿರ್ದೇಶಿಸಿದ ಹಿಂದಿ ಧಾರಾವಾಹಿ 'ಮಾಲ್ಗುಡಿ ಡೇಸ್'. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ರಾಗ ಶುರುವಾಗುತ್ತಿದ್ದಂತೆ ಮಕ್ಕಳು ತಾವೂ ಗುನುಗತೊಡಗಿದರು. ಹುಟ್ಟುವ ಮೊದಲಿನ ರಾಗ ಅವರಿಗೆ ಹೇಗೆ ಗೊತ್ತೋ! ಬೀದಿ ಕಾಣಿಸಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತು, "ಸಾರ್, ಇದು ಆಗುಂಬೆ! ನಮ್ಮ ಅಜ್ಜಿ ಮನೆ ಇಲ್ಲೇ ಮುಂದೆ" ಅಂದ. ಆಮೇಲೆ ಯಾರಿಗೂ ಹಿಂದಿ ಅರ್ಥವಾಗದ ಚಿಂತೆ ಉಳಿಯಲಿಲ್ಲ.

ಮುಗಿದ ಮೇಲೆ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ. ಇದನ್ನು ಮಾಡಿದವರು ಬೇರೇನು ಮಾಡಿದ್ದಾರೆ? ಮುಂದಿನ ತಿಂಗಳು 'ಮಿಂಚಿನ ಓಟ' ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಆ ಮಾತು ನಡೆಸುವುದು ಇಷ್ಟು ಕಷ್ಟವಾಗುತ್ತದೆಂದು ಅಂದುಕೊಂಡಿರಲಿಲ್ಲ. ನನ್ನ ಕೈಗೆ ಸಿಕ್ಕ ಪ್ರತಿ ಯಾವುದೋ ಕಾಲದಲ್ಲಿ ಟಿವಿಯಿಂದ ಹಿಡಿದಿಟ್ಟದ್ದು. ಮೇಲಿನ ಮೂಲೆಯಲ್ಲಿ ವಾಹಿನಿಯ ಮುದ್ರೆ, ಕೆಳಗೆ ಆಗಾಗ ಸರಿದು ಹೋಗುವ ಜಾಹೀರಾತಿನ ಪಟ್ಟಿ. ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದರಿಂದ ಎಲ್ಲರೂ ಗಿಡ್ಡ, ಎಲ್ಲರೂ ದಪ್ಪ. ಮಾತು ಒಂದು ಕಡೆ, ತುಟಿ ಒಂದು ಕಡೆ. ಇಪ್ಪತ್ತು ನಿಮಿಷವಾದ ಮೇಲೆ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಸಾರ್, ಯಾಕೆ ಎಲ್ಲರ ಮುಖವೂ ಕೆಂಪಗಿದೆ?" ಪ್ರೊಜೆಕ್ಟರ್ ಆರಿಸಿ ಮಕ್ಕಳನ್ನು ಮನೆಗೆ ಕಳಿಸಿದೆ. ಅವತ್ತು ನನಗಾದ ನಾಚಿಕೆಯೇ ಈ ಪತ್ರ ಬರೆಸುತ್ತಿದೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಯಿತು: ಎಪ್ಪತ್ತು, ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳಲ್ಲಿ, ಅಂದರೆ ಟಾಕೀಸಿನಲ್ಲಿ ಓಡಿಸಲು ತೆಗೆದ ಫಿಲಂ ಪ್ರತಿಗಳಲ್ಲಿ, ಮೊದಲು ಮಾಸುವುದು ನೀಲಿ ಮತ್ತು ಹಸಿರು. ಉಳಿಯುವುದು ಕೆಂಪು. ಮಾಸಿದ ಪ್ರಿಂಟಿನಿಂದ ಟೇಪು, ಟೇಪಿನಿಂದ ಇನ್ನೊಂದು ಟೇಪು, ಅದರಿಂದ ಕಂಪ್ಯೂಟರಿನ ಕಡತ. ಹೀಗೆ ನಾಲ್ಕು ಕೈ ದಾಟಿ ಬಂದದ್ದನ್ನೇ ನಾವು ಶಂಕರ್ ನಾಗ್ ಸಿನಿಮಾ ಎಂದು ನೋಡುತ್ತಿದ್ದೇವೆ. ಅವರು ಕ್ಯಾಮೆರಾ ಕಣ್ಣಿನಲ್ಲಿ ನೋಡಿ ಸರಿ ಎಂದು ಒಪ್ಪಿದ ಬಣ್ಣ ಇದಲ್ಲ. ಅದು ನೆಗೆಟಿವ್‌ನಲ್ಲಿ, ಅಂದರೆ ಕ್ಯಾಮೆರಾದೊಳಗೆ ಓಡಿದ ಮೂಲ ಫಿಲಂನಲ್ಲಿ ಮಾತ್ರ ಇರುತ್ತದೆ.

ನಮ್ಮ ನಾಡಿನಲ್ಲಿ ಶಂಕರಣ್ಣನ ಮುಖಕ್ಕೇನೂ ಕೊರತೆಯಿಲ್ಲ. ಯಾವ ಊರಿನ ಆಟೋ ಸ್ಟ್ಯಾಂಡಿಗೆ ಹೋದರೂ ಅವರ ಚಿತ್ರವಿದೆ. 1980ರ 'ಆಟೋ ರಾಜ' ಹಚ್ಚಿದ ಪ್ರೀತಿ ಅದು, ಮೂರು ತಲೆಮಾರು ದಾಟಿದರೂ ಬತ್ತಿಲ್ಲ. ಆ ಚಾಲಕರ ಅಭಿಮಾನದ ಎದುರು ನಾನು ತಲೆಬಾಗುತ್ತೇನೆ; ಸರ್ಕಾರ ಮಾಡದ ಕೆಲಸವನ್ನು ಅವರು ಕೈಯಿಂದ ದುಡ್ಡು ಹಾಕಿ ಮಾಡಿಕೊಂಡು ಬಂದಿದ್ದಾರೆ. ಆದರೆ ನಟ ಶಂಕರ್ ನಾಗ್ ನೆನಪಿನಲ್ಲಿ ಉಳಿದಷ್ಟು ನಿರ್ದೇಶಕ ಶಂಕರ್ ನಾಗ್ ಉಳಿದಿಲ್ಲ. ನಟನ ಮುಖವನ್ನು ಗೋಡೆಯ ಮೇಲೆ ಬರೆದು ಉಳಿಸಿಕೊಳ್ಳಬಹುದು, ನಿರ್ದೇಶಕನನ್ನು ಹಾಗೆ ಉಳಿಸಿಕೊಳ್ಳಲಾಗದು. ಎಲ್ಲಿ ನಿಲ್ಲಿಸಿದ, ಎಲ್ಲಿ ಕತ್ತರಿಸಿದ, ಯಾವ ಮುಖವನ್ನು ಎಷ್ಟು ಹೊತ್ತು ನೋಡಿದ ಎಂಬುದೇ ಅವನ ಕೆಲಸ. ಫಿಲಂ ಹಾಳಾದರೆ ಆ ಕೆಲಸವೂ ಹೋಯಿತು.

ಆ ಕೆಲಸ ನಡೆದ ಕಾಲ ಎಷ್ಟು ಚಿಕ್ಕದು ನೋಡಿ. ಹೊನ್ನಾವರದ ಕಡೆಯ ಹುಡುಗ ಮುಂಬಯಿಗೆ ಹೋಗಿ, ಅಲ್ಲಿನ ರಂಗಭೂಮಿಯಲ್ಲಿ ಪಳಗಿ, ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ನಟನಾಗಿ ಬಂದಿದ್ದು 1978ರಲ್ಲಿ. ಅದೇ ಪಾತ್ರಕ್ಕೆ ಮರುವರ್ಷ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ರಜತ ಮಯೂರ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಎಲ್ಲ ಮುಗಿಯಿತು. ಆಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. ನಡುವೆ ಸಿಕ್ಕ ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು, 'ಸಂಕೇತ್' ತಂಡ ಕಟ್ಟಿ ನಾಟಕ ಆಡಿಸಿದರು, ಧ್ವನಿಮುದ್ರಣ ಸ್ಟುಡಿಯೋ ಹಾಕಿದರು. ಇಷ್ಟರ ಮಧ್ಯೆ ಬಿಡುವು ಕಿತ್ತುಕೊಂಡು ನಿರ್ದೇಶಿಸಿದ ಸಿನಿಮಾಗಳು ಬೆರಳಲ್ಲಿ ಎಣಿಸುವಷ್ಟು. ಹಾಗಾಗಿ ಒಂದೊಂದೂ ಮುಖ್ಯ.

'ಮಿಂಚಿನ ಓಟ' ಮಾಡಿದಾಗ ಅವರಿಗೆ ಇಪ್ಪತ್ತೈದು. ಮೊದಲ ಚಿತ್ರಕ್ಕೇ ಅತ್ಯುತ್ತಮ ಚಿತ್ರ ಸೇರಿದಂತೆ ಏಳು ರಾಜ್ಯ ಪ್ರಶಸ್ತಿ ಬಂತು. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್ ಮೂವರೂ ಅದರಲ್ಲಿ ಕಳ್ಳರು. ಅವರ ಬಗ್ಗೆ ಸಿನಿಮಾ ತೀರ್ಪು ಕೊಡುವುದಿಲ್ಲ, ಅವರ ಜೊತೆ ಓಡುತ್ತದೆ. ಸ್ಟುಡಿಯೋ ಸೆಟ್ಟಿನ ಬೆಳಕಿಗೆ ಒಗ್ಗಿದ್ದ ಕಾಲದಲ್ಲಿ ಅದರ ಬೀದಿ ನಿಜವಾದ ಬೀದಿಯಂತಿತ್ತು. ಮರುವರ್ಷ 'ಗೀತಾ'. ಇಳಯರಾಜಾ ಅವರ ಹಾಡುಗಳು ಇವತ್ತಿಗೂ ಮದುವೆ ಮನೆಯಲ್ಲಿ ಕೇಳುತ್ತವೆ. ಆ ಹಾಡು ಗುನುಗುವವರಲ್ಲಿ ಸಿನಿಮಾವನ್ನು ಪೂರ್ತಿಯಾಗಿ, ಸರಿಯಾದ ಬಣ್ಣದಲ್ಲಿ ನೋಡಿದವರೆಷ್ಟು ಜನ? 1983ರ 'ನೋಡಿ ಸ್ವಾಮಿ ನಾವಿರೋದು ಹೀಗೆ' ನಗಿಸುವ ಚಿತ್ರ. ಅದರ ಬಗ್ಗೆ ಹೆಚ್ಚು ಹೇಳಲಾರೆ, ನೋಡಿ ಬಹಳ ಕಾಲವಾಯಿತು.

'ಆಕ್ಸಿಡೆಂಟ್' ಬಗ್ಗೆ ಮಾತ್ರ ಸ್ವಲ್ಪ ನಿಲ್ಲಲೇಬೇಕು. ಅಮಲಿನಲ್ಲಿ ಕಾರು ಓಡಿಸುವ ದೊಡ್ಡವರ ಮಗ, ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರು, ಮಗನನ್ನು ಉಳಿಸಲು ಹೊರಡುವ ರಾಜಕಾರಣಿ ಅಪ್ಪ, ಬೆನ್ನು ಬಿಡದ ಪತ್ರಕರ್ತ. ತಮ್ಮ ಶಂಕರ್ ಆ ಪತ್ರಕರ್ತ, ಅಣ್ಣ ಅನಂತ್ ನಾಗ್ ಆ ರಾಜಕಾರಣಿ. ಅಪ್ಪನನ್ನು ಅಲ್ಲಿ ಕೂಗಾಡುವ ಖಳನಾಯಕನಾಗಿ ತೋರಿಸಿಲ್ಲ. ಫೋನ್ ಹಿಡಿದು ತಣ್ಣಗೆ ಮಾತಾಡುವ ಗಂಭೀರ ಮನುಷ್ಯ. ಭಯ ಹುಟ್ಟುವುದೇ ಆ ತಣ್ಣಗಿನಿಂದ. 1984ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ವಿಷಯದ ಅತ್ಯುತ್ತಮ ಚಿತ್ರವೆಂದು ಅದನ್ನು ಗುರುತಿಸಿದರು. ಫುಟ್‌ಪಾತಿನ ಮೇಲೆ ಕಾರು ಹತ್ತಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಆ ಚಿತ್ರ ನೆನಪಾಗುತ್ತದೆ. ನನ್ನ ಒಂಬತ್ತನೇ ತರಗತಿಯ ಮಕ್ಕಳು ಅದನ್ನು ನೋಡಬೇಕು, ನೋಡಿ ಜಗಳವಾಡಬೇಕು ಎಂಬುದು ನನ್ನ ಆಸೆ.

1987ರಲ್ಲಿ 'ಒಂದು ಮುತ್ತಿನ ಕಥೆ'. ಐವತ್ತೆಂಟರ ರಾಜಕುಮಾರ್ ಅವರನ್ನು ಮುತ್ತು ಹುಡುಕುವ ಬಡ ಬೆಸ್ತನಾಗಿ ಕಡಲಿಗಿಳಿಸಿ, ನೀರಿನಡಿಯಲ್ಲಿ ಚಿತ್ರೀಕರಿಸಿದ್ದು. ಆ ಕಡಲ ನೀಲಿ ಮಾಸಿ ಕೆಂಪಾದರೆ ಆ ಸಿನಿಮಾದಲ್ಲಿ ಇನ್ನೇನು ಉಳಿಯಿತು?

ದೂರದರ್ಶನದ ಮಾತಿಗೆ ಬಂದರೆ, 1986ರಿಂದ ಶುರುವಾದ 'ಮಾಲ್ಗುಡಿ ಡೇಸ್'ನಲ್ಲಿ ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. ನಿರ್ಮಾಪಕರು ಟಿ.ಎಸ್. ನರಸಿಂಹನ್. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ, ಭೂಪಟದಲ್ಲಿಲ್ಲದ ಊರು ಮಾಲ್ಗುಡಿ. ಆ ಊರನ್ನು ಇಡೀ ದೇಶದ ಕಣ್ಣೆದುರು ನಿಲ್ಲಿಸುವ ಹೊಣೆ ಬಿದ್ದಾಗ ಅವರು ಮಳೆ ಹಿಡಿದರೆ ಬಿಡದ ಆಗುಂಬೆಗೆ ಬಂದರು. ಕಲಾ ನಿರ್ದೇಶಕ ಜಾನ್ ದೇವರಾಜ್ ಅಲ್ಲಿನ ಬೀದಿಯನ್ನು ಮಾಲ್ಗುಡಿ ಮಾಡಿದರು, ಎಸ್. ರಾಮಚಂದ್ರ ಕ್ಯಾಮೆರಾ ಹಿಡಿದರು. ಕಥೆಯ ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಮಾತು ಹಿಂದಿಯಾದರೂ ಜಗಲಿ ನಮ್ಮದು, ಕಂಬ ನಮ್ಮದು, ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುವ ರೀತಿ ನಮ್ಮದು. ನನ್ನ ವಿದ್ಯಾರ್ಥಿ ಎದ್ದು ನಿಂತು ಅಜ್ಜಿ ಮನೆ ತೋರಿಸಿದ್ದು ಅದಕ್ಕೇ. ಹೊಸನಗರ ತಾಲೂಕಿನ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ ರೈಲ್ವೆ ಇಲಾಖೆಗೆ ನಮ್ಮ ಕಡೆಯವರೆಲ್ಲ ಋಣಿ. ನಿಲ್ದಾಣ ಉಳಿಯಿತು. ಅಲ್ಲಿ ತೆಗೆದ ಚಿತ್ರದ ಮೂಲವೂ ಅಷ್ಟೇ ಜೋಪಾನವಾಗಿ ಉಳಿಯಬೇಕಲ್ಲವೇ?

ರಂಗಭೂಮಿಯ ಶಂಕರನ ನೆನಪಿಗೆ ಒಂದು ಮನೆ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರ ಎಂಬ ರಂಗಮಂದಿರ, ಅವರ ಪತ್ನಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಹಟ ಹಿಡಿದು ಕಟ್ಟಿಸಿದ್ದು. ಒಬ್ಬ ಹೆಣ್ಣುಮಗಳು ಅಷ್ಟು ಮಾಡಿದ್ದಾರೆ. ಸಿನಿಮಾದ ಶಂಕರನನ್ನೂ ಅವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ನಾಟಕವನ್ನು ಮತ್ತೊಬ್ಬರು ಮತ್ತೆ ಆಡಬಹುದು, ಸಿನಿಮಾಕ್ಕೆ ಆ ಭಾಗ್ಯವಿಲ್ಲ.

ಕಳೆದುಕೊಳ್ಳುವುದು ನಮಗೆ ಹೊಸದೂ ಅಲ್ಲ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆ ಕಂಡಿತು. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಆ ದಿನವನ್ನು ನೆನೆದು ನಾವು ಭಾಷಣ ಮಾಡುತ್ತೇವೆ, ಚಿತ್ರ ತೋರಿಸಿ ಅಂದರೆ ತಲೆ ತಗ್ಗಿಸುತ್ತೇವೆ. ಓಡಿ ಮುಗಿದ ಪ್ರಿಂಟುಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ತೂಕಕ್ಕೆ ಮಾರಿದ ದೇಶ ನಮ್ಮದು. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಭಾರತದ ಅತಿ ಹಳೆಯ ಚಿತ್ರಗಳ ನೆಗೆಟಿವ್‌ಗಳು ಸುಟ್ಟವು. ಕನ್ನಡ ಚಿತ್ರಗಳ ನೆಗೆಟಿವ್ ತೊಳೆಯುತ್ತಿದ್ದುದು ಬಹುಪಾಲು ಮದರಾಸಿನ ಲ್ಯಾಬ್‌ಗಳಲ್ಲಿ. ಡಿಜಿಟಲ್ ಬಂದು ಆ ಲ್ಯಾಬ್‌ಗಳು ಫಿಲಂ ಕೆಲಸ ನಿಲ್ಲಿಸಿದಾಗ, ವಾರಸುದಾರರು ಬಂದು ಒಯ್ಯದ ಡಬ್ಬಿಗಳು ಅನಾಥವಾದವು. ನಿರ್ಮಾಪಕ ತೀರಿಕೊಂಡಿರುತ್ತಾನೆ, ಮಕ್ಕಳಿಗೆ ಡಬ್ಬಿಯ ವಿಷಯವೇ ತಿಳಿದಿರುವುದಿಲ್ಲ. ಯಾರೂ ಬೇಕೆಂದು ಮಾಡಿದ ತಪ್ಪಲ್ಲ ಇದು. ಅದಕ್ಕೇ ಯಾರಾದರೂ ಬೇಕೆಂದೇ ತಡೆಯಬೇಕು.

ಮಾನ್ಯರೇ, ಈಗಲೇ ಏಕೆ ಬರೆಯುತ್ತಿದ್ದೇನೆಂದರೆ, 2025ರ ಮಾರ್ಚ್‌ನ ರಾಜ್ಯ ಬಜೆಟ್ ಭಾಷಣದಲ್ಲಿ ಒಂದು ಮಾತಿತ್ತು: ಕರ್ನಾಟಕದ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಚಿತ್ರಗಳ ಭಂಡಾರವೊಂದನ್ನು ಕಟ್ಟುವುದು, ಅದಕ್ಕೆ 3 ಕೋಟಿ ರೂಪಾಯಿ. ಅದೇ ಭಾಷಣದಲ್ಲಿ 200 ರೂಪಾಯಿಯ ಟಿಕೆಟ್ ದರವಿತ್ತು, ಮೈಸೂರಿನ ಚಿತ್ರನಗರಿಯಿತ್ತು. ಪತ್ರಿಕೆಗಳು ಅವುಗಳ ಹಿಂದೆ ಹೋದವು. ನನ್ನ ಕಣ್ಣು ನಿಂತಿದ್ದು ಈ ಸಣ್ಣ ಸಾಲಿನ ಮೇಲೆ. ಬಜೆಟ್ ಪುಸ್ತಕದ ಆ ಪುಟಕ್ಕೆ ಗುರುತಿಟ್ಟುಕೊಂಡಿದ್ದೇನೆ.

ಮೂರು ಕೋಟಿ ಸಾಲದು ಎನ್ನುವವರಿದ್ದಾರೆ. ಮೇಷ್ಟ್ರಾದ್ದರಿಂದ ಲೆಕ್ಕ ಮಾಡಿ ನೋಡಿದೆ. ಕೇಂದ್ರ ಸರ್ಕಾರ 2022ರಲ್ಲಿ ಸುಮಾರು 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ಎಂದು ಘೋಷಿಸಿತು. ಸರಾಸರಿ ತೆಗೆದರೆ ಒಂದು ಚಿತ್ರಕ್ಕೆ ಹದಿನಾರೂವರೆ ಲಕ್ಷ. ಆ ದರ ಹಿಡಿದರೆ ಮೂರು ಕೋಟಿಯಲ್ಲಿ ಹದಿನೆಂಟು ಚಿತ್ರ. ಹೆಚ್ಚು ಹಾಳಾದದ್ದಕ್ಕೆ ಇನ್ನೂ ಹೆಚ್ಚು ಬೇಕಾದೀತು, ಒಪ್ಪುತ್ತೇನೆ. ಆದರೂ ಶಂಕರ್ ನಾಗ್ ನಿರ್ದೇಶಿಸಿದ ಅಷ್ಟೂ ಸಿನಿಮಾಗಳು ಅದರೊಳಗೆ ಹಿಡಿಸುತ್ತವೆ.

ಸಾಧ್ಯವೇ ಎಂಬ ಅನುಮಾನ ಬೇಡ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹೊರದೇಶದ ಸಂಸ್ಥೆಗಳು ಕೈಜೋಡಿಸಿ ಆ ಕೆಲಸ ಮಾಡಿದವು. ನಮ್ಮ ಸಿನಿಮಾಕ್ಕೆ ಜೀವ ತುಂಬಿದ ಅವರಿಗೆ ಕೈಮುಗಿಯುತ್ತೇನೆ. ಮುಂದಿನದನ್ನು ನಮ್ಮ ಸರ್ಕಾರ, ನಮ್ಮ ದುಡ್ಡಿನಲ್ಲಿ ಮಾಡಲಿ.

ಹಕ್ಕು ನಿರ್ಮಾಪಕರದ್ದು, ನಾವೇನು ಮಾಡೋಣ ಎಂದು ಕಡತ ಮುಚ್ಚಬೇಡಿ. ಸಿನಿಮಾ ಬಿಡುಗಡೆಯಾದ ಮರುವರ್ಷದಿಂದ ಅರವತ್ತು ವರ್ಷ ಹಕ್ಕು ನಿರ್ಮಾಪಕರಲ್ಲಿ ಅಥವಾ ಅವರಿಂದ ಕೊಂಡವರಲ್ಲಿ ಇರುತ್ತದೆ, ನಿಜ. 'ಮಿಂಚಿನ ಓಟ'ದ ಹಕ್ಕು 2040ರವರೆಗೂ ಇದೆ. ಆದರೆ ಹಕ್ಕು ಬೇರೆ, ಕಾಪಾಡುವುದು ಬೇರೆ. ಬ್ಯಾಂಕಿನ ಲಾಕರಿನಲ್ಲಿಟ್ಟ ಒಡವೆ ಬ್ಯಾಂಕಿನದಾಗುವುದಿಲ್ಲ. ಹಕ್ಕುದಾರರ ಮನೆಗೆ ಅಧಿಕಾರಿಯೊಬ್ಬರು ಗೌರವದಿಂದ ಹೋಗಿ ಕೂತು, ನಿಮ್ಮ ಹಕ್ಕು ನಿಮ್ಮಲ್ಲೇ ಇರಲಿ, ಫಿಲಂ ನಮ್ಮಲ್ಲಿ ತಣ್ಣಗಿರಲಿ ಎಂದು ಒಪ್ಪಂದ ಬರೆದುಕೊಡಲಿ. ಬಹಳಷ್ಟು ಮಂದಿ ಸಂತೋಷದಿಂದ ಕೊಡುತ್ತಾರೆ. ಮನೆಯ ಅಟ್ಟದಿಂದ ಭಾರ ಇಳಿದಂತೆ ಅವರಿಗೆ.

ಎಲ್ಲಕ್ಕಿಂತ ಮೊದಲು ಒಂದು ದಾಖಲೆ ಪುಸ್ತಕ ತೆರೆಯಿರಿ. ಶಂಕರ್ ನಾಗ್ ನಿರ್ದೇಶಿಸಿದ ಪ್ರತಿ ಚಿತ್ರದ ಹೆಸರಿನ ಮುಂದೆ ಅದರ ನೆಗೆಟಿವ್ ಎಲ್ಲಿದೆ, ಪ್ರಿಂಟು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಬರೆದು ಸಾರ್ವಜನಿಕರಿಗೆ ಕಾಣುವಂತೆ ಇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನೂ ಚೆನ್ನೈನ ಲ್ಯಾಬ್‌ಗಳನ್ನೂ ಪ್ರಸಾರ ಭಾರತಿಯನ್ನೂ 'ಮಾಲ್ಗುಡಿ'ಯ ನಿರ್ಮಾಪಕರನ್ನೂ ಬರಹದಲ್ಲಿ ಕೇಳಿ, ಬಂದ ಉತ್ತರವನ್ನು ಅದರಲ್ಲೇ ಅಂಟಿಸಿ. ಇದಕ್ಕೆ ಕೋಟಿ ಬೇಡ, ಒಬ್ಬ ಶ್ರದ್ಧೆಯ ಗುಮಾಸ್ತ ಸಾಕು. ನೆಗೆಟಿವ್ ಸಿಕ್ಕಲ್ಲಿ ಅದರಿಂದಲೇ ಸ್ಕ್ಯಾನ್ ಮಾಡಿಸಿ, ಟಿವಿ ಪ್ರತಿಯನ್ನು ತಿಕ್ಕಿ ತೊಳೆದು ಹೊಸದೆಂದು ಕೊಡಬೇಡಿ. ಸ್ಕ್ಯಾನ್ ಆಯಿತೆಂದು ಫಿಲಂ ಎಸೆಯುವುದನ್ನಂತೂ ದಯವಿಟ್ಟು ಮಾಡಬೇಡಿ. ಹಾರ್ಡ್ ಡಿಸ್ಕು ಐದಾರು ವರ್ಷಕ್ಕೆ ಕೈಕೊಡಬಹುದು. ಒಣ, ತಣ್ಣನೆಯ ಕೋಣೆಯಲ್ಲಿಟ್ಟ ಫಿಲಂ ನಮ್ಮ ಮೊಮ್ಮಕ್ಕಳಿಗೂ ಸಿಗುತ್ತದೆ. ಇನ್ನು ಮುಂದೆ ಸರ್ಕಾರದ ಸಬ್ಸಿಡಿ ಪಡೆಯುವ ಪ್ರತಿ ಚಿತ್ರದ ಒಂದು ಮೂಲಪ್ರತಿ ಭಂಡಾರಕ್ಕೆ ಸೇರಲೇಬೇಕೆಂಬ ನಿಯಮವನ್ನೂ ಜೊತೆಗೇ ಮಾಡಿಬಿಡಿ.

ತಡ ಮಾಡಿದರೆ ಹಣದಿಂದ ತುಂಬಲಾಗದ ನಷ್ಟವೊಂದಿದೆ. ಮಾಸಿದ ಬಣ್ಣ ಮೊದಲು ಹೇಗಿತ್ತೆಂದು ಹೇಳಬಲ್ಲವರು ಆವತ್ತು ಕ್ಯಾಮೆರಾ ಪಕ್ಕದಲ್ಲಿದ್ದವರು ಮಾತ್ರ. ವೈದ್ಯನಾಥನ್ 2007ರಲ್ಲಿ ಹೋದರು, ರಾಮಚಂದ್ರ 2011ರಲ್ಲಿ, ಲೋಕನಾಥ್ 2018ರ ಕೊನೆಯ ದಿನ. ಇನ್ನೂ ನಮ್ಮ ನಡುವೆ ಇರುವ ಸಹಾಯಕರು, ಸಂಕಲನಕಾರರು, ಲೈಟ್ ಹಿಡಿದವರು ಎಲ್ಲರನ್ನೂ ಕೂರಿಸಿ ಕೇಳಿಕೊಳ್ಳಿ. ಹೆಸರಿಲ್ಲದ ತಂತ್ರಜ್ಞರನ್ನು ಮೊದಲು ಕೇಳಿ, ಅವರನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಊರೂರಿನಲ್ಲಿ ಉಳಿದಿರುವ ಬಿಡಿ ರೀಲುಗಳನ್ನು ತಂದುಕೊಡಿ ಎಂದು ಒಂದು ಪ್ರಕಟಣೆ ಹೊರಡಿಸಿ, ಒಂದು ವಿಳಾಸ ಕೊಡಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಮಕ್ಕಳಿಗೆ ಸಿನಿಮಾ ತೋರಿಸಲಾಗದೆ ಅಲೆಯುತ್ತಿದ್ದಾಗ, ಹಿಂದೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಹಿರಿಯರೊಬ್ಬರು ನನ್ನನ್ನು ಮನೆಗೆ ಕರೆದರು. ಅಡಿಕೆ ಮೂಟೆಗಳ ಹಿಂದಿನಿಂದ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ತೆಗೆದರು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ: 'ಮಿಂಚಿನ ಓಟ 7'. ಟಾಕೀಸು ಮುಚ್ಚಿದ ವರ್ಷ ಉಳಿದ ಡಬ್ಬಿಗಳೆಲ್ಲ ಗುಜರಿಗೆ ಹೋಗಿದ್ದವಂತೆ. ಇದೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಶಂಕರಣ್ಣಂದು, ಬಿಸಾಕೋಕೆ ಮನಸ್ಸು ಬರಲಿಲ್ಲ ಮೇಷ್ಟ್ರೇ" ಅಂದರು.

ಮುಚ್ಚಳ ತೆಗೆದರೆ ಮೂಗಿಗೆ ಹೊಡೆದದ್ದು ಘಾಟು ಹುಳಿ ವಾಸನೆ. ಫಿಲಂ ಕೊಳೆಯಲು ಶುರುವಾದರೆ ಹಾಗೆ ವಿನಿಗರ್ ವಾಸನೆ ಬರುತ್ತದೆ, ಪಕ್ಕದಲ್ಲಿಟ್ಟ ರೀಲಿಗೂ ಅಂಟುತ್ತದೆ ಎಂದು ಆಮೇಲೆ ತಿಳಿಯಿತು. ಹೊರಸುತ್ತು ಅಲೆಯಲೆಯಾಗಿ ಮಡಚಿತ್ತು, ಒಳಸುತ್ತು ಇನ್ನೂ ಸಪಾಟಾಗಿತ್ತು. ಹಿರಿಯರು ಕೈ ಒರೆಸಿಕೊಂಡು, ಅಂಚನ್ನು ಮಾತ್ರ ಹಿಡಿದು, ಎರಡು ಮೊಳ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನಷ್ಟು ಅಗಲದ ಚೌಕಗಳ ಸಾಲು. ಒಂದೊಂದರಲ್ಲೂ ಅದೇ ಮುಖ, ಕೂದಲೆಳೆಯಷ್ಟು ತಿರುಗಿದ ಮುಖ, ಲೋಕನಾಥ್ ಅವರದ್ದು. ಎಲ್ಲ ಕೆಂಪು. ಆದರೆ ಕಣ್ಣಿನ ಹೊಳಪು ಸ್ಪಷ್ಟವಿತ್ತು. ಗೋಡೆಯ ಪಂಚೆಯ ಮೇಲೆ ನಮಗೆ ಕಾಣದೇ ಹೋದ ಹೊಳಪು.

ಆ ಡಬ್ಬಿಯನ್ನು ಅವರು ನನ್ನ ಕೈಗೇ ಕೊಟ್ಟಿದ್ದಾರೆ. ಬೇರೆ ಯಾವ ವಸ್ತುವೂ ತಾಗದಂತೆ, ನಮ್ಮ ಮನೆಯ ಅತ್ಯಂತ ಒಣ ಮೂಲೆಯಲ್ಲಿ, ಹತ್ತಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಮಲೆನಾಡಿನ ಇನ್ನೊಂದು ಮಳೆಗಾಲವನ್ನು ಅದು ತಡೆಯಲಾರದು. ಎಲ್ಲಿಗೆ, ಯಾರ ಕೈಗೆ ತಂದುಕೊಡಬೇಕು ತಿಳಿಸಿ. ರಜೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕ